ಹವ್ಯಾಸಿಗಳ ಶಿಲಾಸಂಗ್ರಹವೂ ಪಳೆಯುಳಿಕೆಯ ಸಾಕ್ಷ್ಯವೂ : ಹಾವೇರಿ ಸೀಮೆಯ ಒಂದು ಪ್ರದರ್ಶನವನ್ನು ಕುರಿತು

ಇತಿಹಾಸದ ಅಧ್ಯಾಪಕನು ಪಳೆಯುಳಿಕೆಗಳನ್ನು ಕುರಿತು ಬರೆಯಹೊರಡುವುದು ಅನಧಿಕಾರ ಚರ್ಚೆಯೆಂದು ಕೆಲವರಿಗಾದರೂ ತೋರಬಹುದು. ಶಾಸನ, ನಾಣ್ಯ, ಕಡತಗಳು ನಮ್ಮ ಪಾಲಿಗೆ. ಕಲ್ಲು, ಚಿಪ್ಪು, ಎಲುಬುಗಳು ಭೂವಿಜ್ಞಾನಿಗಳ ಪಾಲಿಗೆ ಎಂಬ ಹಂಚಿಕೆ ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಎರಡು ಶಾಸ್ತ್ರಗಳೂ ಕೇಳುವ ಮೊದಲ ಪ್ರಶ್ನೆ ಒಂದೇ ಆಗಿದೆ : ಈ ವಸ್ತು ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿ ದೊರೆಯಿತು? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಶಾಸನದ ತುಂಡೂ ಮೂಕವಾಗುತ್ತದೆ, ಎಲುಬಿನ ತುಂಡೂ ಮೂಕವಾಗುತ್ತದೆ. ಈ ಮಾತು ಪುಸ್ತಕದಿಂದ ನನಗೆ ಮೊದಲೇ ತಿಳಿದಿತ್ತು. ಅದು ಮನಸ್ಸಿಗೆ ನಾಟಿದ್ದು ಒಂದು ಚಿಕ್ಕ ಪ್ರದರ್ಶನದಲ್ಲಿ.

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿಗಳ ಕೆಲವು ಕಾಲೇಜು ವಿದ್ಯಾರ್ಥಿಗಳೂ ನಾಲ್ಕಾರು ಮಂದಿ ಹವ್ಯಾಸಿಗಳೂ ಕೂಡಿ, ತಾವು ಸಂಗ್ರಹಿಸಿದ ಕಲ್ಲು, ಎಲುಬು, ಚಿಪ್ಪುಗಳನ್ನು ಒಂದು ದಿನದ ಮಟ್ಟಿಗೆ ಮೇಜುಗಳ ಮೇಲೆ ಜೋಡಿಸಿದ್ದರು. ಭೂವಿಜ್ಞಾನದ ಅಧ್ಯಾಪಕರೊಬ್ಬರು ಬಂದು ಒಂದೊಂದನ್ನೂ ಕೈಗೆತ್ತಿಕೊಂಡು ಪರೀಕ್ಷಿಸುವುದೆಂದು ಗೊತ್ತಾಗಿತ್ತು. ನಾನೂ ಒಂದು ರಟ್ಟಿನ ಪೆಟ್ಟಿಗೆಯನ್ನು ಒಯ್ದಿದ್ದೆನು. ಅಲ್ಲಿ ಕಂಡ ವಸ್ತುಗಳನ್ನೇ ಆಧಾರವಾಗಿಟ್ಟುಕೊಂಡು ಪಳೆಯುಳಿಕೆಯೆಂದರೇನು, ನಮ್ಮ ಸೀಮೆಯಲ್ಲಿ ಅದು ಏಕೆ ವಿರಳ, ಹವ್ಯಾಸಿಯು ಶಾಸ್ತ್ರಕ್ಕೆ ಸಲ್ಲಿಸಬಹುದಾದ ಸೇವೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಪಳೆಯುಳಿಕೆಯೆಂದರೇನು?

ಹಿಂದೆ ಬದುಕಿದ್ದ ಜೀವಿಯ ಶರೀರವಾಗಲಿ, ಅದರ ಅಚ್ಚಾಗಲಿ, ಹೆಜ್ಜೆ, ಬಿಲ, ಮಲ ಮೊದಲಾದ ಅದರ ನಡವಳಿಕೆಯ ಗುರುತಾಗಲಿ ಭೂಮಿಯ ಪದರಗಳಲ್ಲಿ ಉಳಿದುಬಂದರೆ ಅದು ಪಳೆಯುಳಿಕೆ. ಹತ್ತು ಸಾವಿರ ವರ್ಷಗಳಿಗಿಂತ ಹಳೆಯದನ್ನು ಮಾತ್ರ ಈ ಹೆಸರಿನಿಂದ ಕರೆಯುವುದು ರೂಢಿ. ಅದಕ್ಕಿಂತ ಈಚಿನ ಎಲುಬುಗಳು ಸಾಮಾನ್ಯವಾಗಿ ಪುರಾತತ್ವದ ಕಕ್ಷೆಗೆ ಸೇರುತ್ತವೆ. ಈ ಗಡಿಯು ಮನುಷ್ಯರು ಎಳೆದುಕೊಂಡದ್ದೇ ಹೊರತು ಪ್ರಕೃತಿಯು ಎಳೆದದ್ದಲ್ಲ.

ಸತ್ತ ಜೀವಿಗಳೆಲ್ಲವೂ ಪಳೆಯುಳಿಕೆಗಳಾಗುವುದಿಲ್ಲ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿನ ಕುರುಚಲು ಕಾಡಿನಲ್ಲಿ ಒಂದು ಜಿಂಕೆ ಸತ್ತರೆ ತೋಳ, ನರಿ, ನಾಯಿಗಳು ಅದರ ಎಲುಬನ್ನು ಚೆದರಿಸುತ್ತವೆ, ಬಿಸಿಲು ಅದನ್ನು ಸೀಳುತ್ತದೆ, ಮಳೆ ಕರಗಿಸುತ್ತದೆ. ಕೆಲವೇ ವರ್ಷಗಳಲ್ಲಿ ಅಲ್ಲಿ ಏನೂ ಉಳಿಯುವುದಿಲ್ಲ. ಅದೇ ಜಿಂಕೆಯು ನೆರೆಯಲ್ಲಿ ಸಿಲುಕಿ, ತುಂಗಭದ್ರೆಯ ಹೂಳಿನಲ್ಲಿ ಒಡನೆಯೇ ಹುದುಗಿಹೋದರೆ, ಗಾಳಿಯ ಸಂಪರ್ಕ ತಪ್ಪಿ, ಅಂತರ್ಜಲದ ಖನಿಜಗಳು ಎಲುಬಿನ ರಂಧ್ರಗಳನ್ನು ತುಂಬಿ, ಅದು ಕಲ್ಲಾಗುವ ಸಂಭವವುಂಟು. ಶೀಘ್ರವಾಗಿ ಹೂಳಲ್ಪಡುವುದು ಮೊದಲನೆಯ ನಿಯಮ. ಹೂಳಿದ ಪದರವು ಮುಂದೆ ಕಾದು ಕರಗದೆ, ಒತ್ತಡಕ್ಕೆ ಸಿಲುಕಿ ರೂಪಗೆಡದೆ ಉಳಿಯುವುದು ಎರಡನೆಯ ನಿಯಮ.

ನಮ್ಮ ಹಾವೇರಿ ಸೀಮೆಯ ಬಂಡೆಗಳು ಈ ಎರಡನೆಯ ನಿಯಮಕ್ಕೆ ಅಷ್ಟಾಗಿ ಒಳಪಡುವುದಿಲ್ಲ. ಇಲ್ಲಿನ ನೆಲವು ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು 19ನೆಯ ಶತಮಾನದ ಎಂಬತ್ತರ ದಶಕದಲ್ಲಿ ಈ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದನು. ಇದರ ಒಂದು ಭಾಗಕ್ಕೆ ರಾಣೇಬೆನ್ನೂರಿನ ಹೆಸರೇ ಇದೆಯೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ಸಮುದ್ರದಡಿಯಲ್ಲಿ ಮರಳೂ ಕೆಸರೂ ಶೇಖರವಾಗಿ ಹುಟ್ಟಿದ ಈ ಪದರಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಅವು ಬಳಿಕ ಮಡಿಚಿ, ಬೆಂದು, ರೂಪಾಂತರ ಹೊಂದಿವೆ. ಆ ಕಾಲದಲ್ಲಿ ಭೂಮಿಯ ಮೇಲೆ ಗಿಡವಿರಲಿಲ್ಲ, ಮೀನಿರಲಿಲ್ಲ, ಚಿಪ್ಪಿನ ಪ್ರಾಣಿಯೂ ಇರಲಿಲ್ಲ; ಸೂಕ್ಷ್ಮಜೀವಿಗಳು ಮಾತ್ರ ಇದ್ದವು. ನೀರಿನಲ್ಲಿ ಲೋಳೆಯ ಚಾಪೆಯಂತೆ ಬೆಳೆದ ಆ ಜೀವಿಗಳು ಪದರದ ಮೇಲೆ ಪದರವಾಗಿ ಸುಣ್ಣವನ್ನು ಕಟ್ಟಿದ್ದರಿಂದ ಆದ ಗುಮ್ಮಟಾಕಾರದ ರಚನೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಚಿತ್ರದುರ್ಗ ಮತ್ತು ಶಿವಮೊಗ್ಗದ ಶಿಲಾಪಟ್ಟಿಗಳ ಸುಣ್ಣಕಲ್ಲುಗಳಲ್ಲಿ ಇವು ದೊರೆತಿವೆ. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಯ ಕಲಾದಗಿ ಶಿಲಾವರ್ಗದಲ್ಲಿಯೂ, ಕಾಲದಲ್ಲಿ ಬಹಳ ಈಚಿನವಾದರೂ ನೂರು ಕೋಟಿ ವರ್ಷಕ್ಕೂ ಹಿಂದಿನವಾದ ಇಂಥ ರಚನೆಗಳುಂಟು. ಹೀಗೆ ನಮ್ಮ ಸುತ್ತಿನ ಗಟ್ಟಿಬಂಡೆಯಲ್ಲಿ ಜೀವದ ಗುರುತನ್ನು ಹುಡುಕುವವನು ಪ್ರಾಣಿಯ ಆಕಾರವನ್ನಾಗಲಿ ಎಲೆಯ ಆಕಾರವನ್ನಾಗಲಿ ಅರಸಬಾರದು.

ಮೇಜಿನ ಮೇಲಿನ ವಸ್ತುಗಳು

ಪ್ರದರ್ಶನದಲ್ಲಿ ಎಲ್ಲರ ಕಣ್ಣನ್ನೂ ಸೆಳೆದದ್ದು ಒಂದು ಚಪ್ಪಟೆಯ ಕಲ್ಲು. ನಸುಹಳದಿ ಬಣ್ಣದ ಅದರ ಮೈಮೇಲೆ ಕಪ್ಪನೆಯ ಜರೀಗಿಡವೊಂದು ಕವಲೊಡೆದು ಹಬ್ಬಿದಂತಿತ್ತು. ರಾಣೇಬೆನ್ನೂರಿನ ಕಡೆಯ ಹಳ್ಳಿಯ ಒಬ್ಬ ವಿದ್ಯಾರ್ಥಿನಿ ಅದನ್ನು ತಂದಿದ್ದಳು. ಹೊಲದಲ್ಲಿ ಬಾವಿ ತೋಡುವಾಗ ಮೇಲಕ್ಕೆ ಬಂದ ಕಲ್ಲು ಅದು. ಅವಳು ಅದರ ಕೆಳಗೆ ‘ಜರೀಗಿಡದ ಪಳೆಯುಳಿಕೆ’ ಎಂದು ಬರೆದು, ಊರಿನ ಹೆಸರು, ಹೊಲದ ಸರ್ವೆ ನಂಬರು, ಬಾವಿಯ ಆಳ, ಕಲ್ಲು ಸಿಕ್ಕ ದಿನ ಇಷ್ಟನ್ನೂ ದುಂಡಾದ ಅಕ್ಷರಗಳಲ್ಲಿ ನಮೂದಿಸಿದ್ದಳು.

ಭೂವಿಜ್ಞಾನದ ಅಧ್ಯಾಪಕರು ಅದನ್ನು ಬಹಳ ಹೊತ್ತು ನೋಡಿದರು. ಅನಂತರ ಇದು ಗಿಡವಲ್ಲವೆಂದು ಮೆಲ್ಲನೆ ಹೇಳಿದರು. ಬಂಡೆಯ ಬಿರುಕಿನೊಳಕ್ಕೆ ಇಳಿದ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸು ಹೆಪ್ಪುಗಟ್ಟುವಾಗ ಹೀಗೆ ಕವಲುಕವಲಾಗಿ ಹರಡುವುದುಂಟು. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಎಲೆಗೆ ನಡುನರವಿರುತ್ತದೆ, ಇದಕ್ಕೆ ಇಲ್ಲ. ಎಲೆಯು ಕೆಸರಿನ ಪದರದ ನಡುವೆ ಮಲಗಿರುತ್ತದೆ, ಇದಾದರೋ ಪದರಗಳನ್ನು ಅಡ್ಡಲಾಗಿ ಕತ್ತರಿಸುವ ಬಿರುಕಿನ ಮೈಮೇಲೆ ಹಬ್ಬಿದೆ. ಎಲ್ಲಕ್ಕಿಂತ ಮಿಗಿಲಾಗಿ, ಬಾವಿಯ ಬಂಡೆಗೆ 260 ಕೋಟಿ ವರ್ಷ ವಯಸ್ಸು. ನೆಲದ ಮೇಲೆ ಮೊದಲ ಸಸ್ಯಗಳು ಕಾಣಿಸಿಕೊಂಡದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಬಂಡೆಯ ವಯಸ್ಸೊಂದೇ ಈ ವಾದವನ್ನು ಮುಗಿಸುತ್ತದೆ.

ಆ ಹುಡುಗಿಯ ಮುಖ ಬಾಡಿತು. ಅವಳಿಗೆ ಸಮಾಧಾನವಾಗಲೆಂದು ಅವರು ಹೇಳಿದ ಸಂಗತಿಯು ಎಲ್ಲ ವಿದ್ಯಾರ್ಥಿಗಳೂ ನೆನಪಿಡತಕ್ಕದ್ದಾಗಿದೆ. ಮಧ್ಯಪ್ರದೇಶದ ಭೀಮಬೇಟ್ಕಾದ ಗುಹೆಯೊಂದರ ಗೋಡೆಯ ಮೇಲೆ ಕಂಡ ಎಲೆಯಾಕಾರದ ಗುರುತನ್ನು, ಸುಮಾರು 55 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಡಿಕಿನ್ಸೋನಿಯ ಎಂಬ ಆದಿಜೀವಿಯ ಪಳೆಯುಳಿಕೆಯೆಂದು 2021ರಲ್ಲಿ ಪರಿಣತ ವಿದ್ವಾಂಸರು ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಬೇರೆ ಸಂಶೋಧಕರು ಅಲ್ಲಿಗೆ ಹೋಗಿ ನೋಡಿ, ಅದು ಹೆಜ್ಜೇನಿನ ಗೂಡು ಗೋಡೆಯಿಂದ ಕಳಚಿಬಿದ್ದ ಮೇಲೆ ಉಳಿದ ಕಲೆಯೆಂದು 2023ರಲ್ಲಿ ತೋರಿಸಿದರು. ಮೊದಲು ಬರೆದ ವಿದ್ವಾಂಸರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಗುರುತು ಇದ್ದ ಜಾಗ ಗೊತ್ತಿದ್ದುದರಿಂದಲೇ ಎರಡನೆಯವರು ಅಲ್ಲಿಗೆ ಹೋಗಿ ಪರೀಕ್ಷಿಸಲು ಸಾಧ್ಯವಾಯಿತೆಂಬುದು ಇಲ್ಲಿನ ಮುಖ್ಯಾಂಶ.

ಎರಡನೆಯ ಮೇಜಿನಲ್ಲಿ ಗುಂಡಗಿನ ಕಲ್ಲೊಂದಕ್ಕೆ ‘ಡೈನೋಸಾರಿನ ಮೊಟ್ಟೆ’ ಎಂಬ ಚೀಟಿಯಿತ್ತು. ಅದು ಕೇವಲ ಗುಂಡುಕಲ್ಲು. ಆದರೆ ಇಂಥ ನಂಬಿಕೆಗಳನ್ನೆಲ್ಲ ನಕ್ಕು ತಳ್ಳಿಹಾಕುವಂತಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ರೈತರು ಕುಲದೇವರೆಂದು ಪೂಜಿಸುತ್ತಿದ್ದ ಗುಂಡುಕಲ್ಲುಗಳು ಡೈನೋಸಾರುಗಳ ಮೊಟ್ಟೆಗಳೆಂದು ತಜ್ಞರು ಗುರುತಿಸಿದುದು 2023ರ ಕೊನೆಯಲ್ಲಿ ವರದಿಯಾಯಿತು. ನರ್ಮದಾ ಕಣಿವೆಯ ಆ ಪದರಗಳು ಡೈನೋಸಾರುಗಳ ಕಾಲದವು, ನಮ್ಮವು ಅಲ್ಲ. ಒಂದೇ ಆಕಾರದ ಎರಡು ಕಲ್ಲುಗಳಲ್ಲಿ ಒಂದು ಮೊಟ್ಟೆ, ಇನ್ನೊಂದು ಬರಿಯ ಕಲ್ಲು ಎಂಬುದನ್ನು ತೀರ್ಮಾನಿಸುವಲ್ಲಿ ನೆಲದ ಸಾಕ್ಷ್ಯವೂ ಆಕಾರದಷ್ಟೇ ಬೇಕು.

ಬ್ಯಾಡಗಿಯ ವೃದ್ಧರೊಬ್ಬರು ಅರಿವೆಯಲ್ಲಿ ಸುತ್ತಿ ತಂದಿದ್ದ ಸಾಲಿಗ್ರಾಮವು ಆ ದಿನದ ನಿಸ್ಸಂದಿಗ್ಧವಾದ ಪಳೆಯುಳಿಕೆಯಾಗಿತ್ತು. ನೇಪಾಳದ ಕಾಳೀಗಂಡಕಿಯ ಪಾತ್ರದಲ್ಲಿ ದೊರೆಯುವ ಈ ಕಪ್ಪು ಕಲ್ಲಿನೊಳಗಿನ ಚಕ್ರವು ಅಮೋನೈಟ್ ಎಂಬ ಕಡಲಜೀವಿಯ ಸುರುಳಿ ಚಿಪ್ಪು. ಹಿಮಾಲಯವು ಎದ್ದು ನಿಲ್ಲುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಇದು ಹತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬದುಕಿತ್ತು. ಇದರ ಕುಲವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಶಿಸಿತು. ಪಳೆಯುಳಿಕೆಯನ್ನು ಕಂಡೇ ಇಲ್ಲವೆನ್ನುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ದೇವರ ಮನೆಯಲ್ಲಿ ಅದಕ್ಕೆ ನೀರೆರೆದವರೇ ಆಗಿದ್ದಾರೆ. ಆ ಹಿರಿಯರು ವಿವರಣೆಯನ್ನು ಕೇಳಿ, “ಸಮುದ್ರ ಅಷ್ಟು ಎತ್ತರ ಏರಿತೇ?” ಎಂದರು. ಸಮುದ್ರವು ಏರಲಿಲ್ಲ, ಅದರ ತಳವೇ ಏರಿತು ಎಂಬ ಉತ್ತರ ಬಂದಾಗ ಅವರು ಕಲ್ಲನ್ನು ಮೊದಲಿಗಿಂತ ಹೆಚ್ಚಿನ ಎಚ್ಚರಿಕೆಯಿಂದ ಸುತ್ತಿಕೊಂಡರು.

ಲೇಖಕನ ಪೆಟ್ಟಿಗೆ

ಕೊನೆಯ ಸರದಿ ನನ್ನ ಪೆಟ್ಟಿಗೆಯದು. ಅದರಲ್ಲಿ ಒಂದು ಹಲ್ಲು ಇತ್ತು. ಕೆಲವು ವರ್ಷಗಳ ಹಿಂದೆ ತುಂಗಭದ್ರೆಯ ದಂಡೆಯಲ್ಲಿ ನಡೆಯುವಾಗ, ಕುಸಿದ ದಡದ ಬುಡದಲ್ಲಿ ಅದನ್ನು ಎತ್ತಿಕೊಂಡಿದ್ದೆನು. ಅಧ್ಯಾಪಕರು ಅದನ್ನು ನೋಡಿದೊಡನೆ ಇದು ಕುದುರೆಯ ಜಾತಿಯ ಪ್ರಾಣಿಯ ದವಡೆಹಲ್ಲು ಎಂದರು. ನನ್ನ ಎದೆ ಹಾರಿತು. ಅದಕ್ಕೆ ಕಾರಣವನ್ನು ತಿಳಿಸಬೇಕಾದರೆ ಹಳ್ಳೂರಿನ ಕಥೆಯನ್ನು ಹೇಳಬೇಕು.

ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು, 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಹಳ್ಳೂರು ತುಂಗಭದ್ರೆಯ ದಂಡೆಯ ಊರು. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದ ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ನೆಲೆಯ ಮೇಲೆ ಕಬ್ಬಿಣದ ಯುಗದ ನೆಲೆ ಅಲ್ಲಿ ಪದರಪದರವಾಗಿ ಕಾಣಿಸಿತು. ಕಬ್ಬಿಣದ ಬಳಕೆಯು ಕ್ರಿ. ಪೂ. 1000ದ ಸುಮಾರಿಗೇ ಇಲ್ಲಿ ತೊಡಗಿತ್ತೆಂದು ಅಂದಿನ ರೇಡಿಯೋಕಾರ್ಬನ್ ಗಣನೆ ತಿಳಿಸಿತು. ವರದಿಯು 1971ರಲ್ಲಿ ಹೊರಬಂದಿತು. ಅಲ್ಲಿ ದೊರೆತ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸಿದವರು ವೃತ್ತಿಯಿಂದ ಪಶುವೈದ್ಯರಾಗಿದ್ದ ಶ್ರೀ ಕೆ. ಆರ್. ಆಲೂರ ಅವರು. ನವಶಿಲಾಯುಗದ ಪದರದಲ್ಲಿ ಕುದುರೆಯ ಎಲುಬುಗಳಿವೆಯೆಂದು ಅವರು ಬರೆದರು. ದಕ್ಷಿಣದಲ್ಲಿ ಅಷ್ಟು ಹಿಂದೆಯೇ ಕುದುರೆಯಿದ್ದಿತೆಂದರೆ, ಆರ್ಯರ ಆಗಮನದ ಕಾಲವನ್ನು ಕುರಿತು ನಡೆದುಬಂದ ವಾದಗಳೆಲ್ಲ ಅಲುಗಾಡಬೇಕಾಗುತ್ತದೆ. ಎಲುಬುಗಳು ಕುದುರೆಯವೇ, ಕತ್ತೆಯ ಜಾತಿಯವೇ ಎಂದು ಕೆಲವು ವಿದ್ವಾಂಸರು ಶಂಕಿಸಿದರು. ಆಲೂರ ಅವರು ತಮ್ಮ ನಿರ್ಣಯವನ್ನು ಬಿಡಲಿಲ್ಲ. ಈ ಚರ್ಚೆಯಲ್ಲಿ ಯಾವ ಪಕ್ಷವನ್ನು ಹಿಡಿದರೂ ಒಂದು ಮಾತನ್ನು ಒಪ್ಪಲೇಬೇಕು : ಎಲುಬು ಯಾವ ಪದರದ್ದೆಂದು ಬರೆದಿಟ್ಟಿದ್ದುದರಿಂದಲೇ ಅದು ದೇಶದ ಇತಿಹಾಸದ ಪ್ರಶ್ನೆಯಾಯಿತು.

ಅಧ್ಯಾಪಕರು ನನ್ನನ್ನು ಕೇಳಿದರು : ಯಾವ ಊರಿನ ದಡ? ಮೇಲಿನಿಂದ ಎಷ್ಟು ಅಡಿ ಕೆಳಗೆ? ಕಪ್ಪು ಮಣ್ಣಿನಲ್ಲಿಯೋ, ಗರಸಿನಲ್ಲಿಯೋ? ಜೊತೆಗೆ ಮಡಕೆಯ ಚೂರುಗಳಿದ್ದವೇ? ನನ್ನಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಪೆಟ್ಟಿಗೆಯ ಮೇಲೆ ‘ತುಂಗಭದ್ರಾ ದಂಡೆ’ ಎಂದಷ್ಟೇ ಬರೆದಿದ್ದೆನು. ಆ ದಿನ ಎರಡು ಮೂರು ಊರುಗಳ ದಡದಲ್ಲಿ ಅಲೆದಾಡಿದ್ದೆನೆಂಬುದು ಮಾತ್ರ ನೆನಪಿದೆ. ಆ ಹಲ್ಲು ಮೂರು ಸಾವಿರ ವರ್ಷಗಳ ಹಿಂದಿನ ಕುದುರೆಯದಾಗಿರಬಹುದು. ನಮ್ಮ ಅಜ್ಜಂದಿರ ಕಾಲದ ಜಟಕಾ ಬಂಡಿಯ ಕುದುರೆಯದಾಗಿರಬಹುದು. ರೇಡಿಯೋಕಾರ್ಬನ್ ಪರೀಕ್ಷೆಯಿಂದ ಅದರ ಕಾಲವನ್ನೇ ನೇರವಾಗಿ ಅಳೆಯಬಾರದೇ ಎಂದು ಕೇಳಬಹುದು. ನಮ್ಮಂಥ ಬಿಸಿನಾಡಿನ ಹಳೆಯ ಎಲುಬುಗಳಲ್ಲಿ ಆ ಪರೀಕ್ಷೆಗೆ ಬೇಕಾದ ಕೊಲ್ಯಾಜನ್ ಎಂಬ ದ್ರವ್ಯವು ಅನೇಕ ವೇಳೆ ಉಳಿದಿರುವುದಿಲ್ಲ. ಉಳಿದು ಕಾಲ ತಿಳಿದರೂ, ಆ ಪ್ರಾಣಿಯೊಡನೆ ಯಾರಿದ್ದರು, ಅವರು ಯಾವ ಮಡಕೆಯಲ್ಲಿ ಉಂಡರು ಎಂಬುದು ತಿಳಿಯದು. ದಿನವೂ ತರಗತಿಯಲ್ಲಿ ಆಧಾರಗಳ ವಿಮರ್ಶೆಯನ್ನು ಬೋಧಿಸುವವನು ಒಂದು ಆಧಾರವನ್ನು ತನ್ನ ಕೈಯಿಂದಲೇ ಕೆಡಿಸಿದ್ದನು.

ಆಗ ಆ ವಿದ್ಯಾರ್ಥಿನಿಯ ಚೀಟಿ ನನಗೆ ಬೇರೆಯಾಗಿ ಕಾಣಿಸಿತು. ಅವಳು ಕೊಟ್ಟ ಹೆಸರು ತಪ್ಪು. ಕೊಟ್ಟ ನೆಲೆ ಸರಿ. ನನ್ನ ವಸ್ತುವಿನ ಹೆಸರು ಸರಿ, ನೆಲೆಯೇ ಇಲ್ಲ. ಹೆಸರನ್ನು ಯಾರಾದರೂ ಎಂದಾದರೂ ತಿದ್ದಬಹುದು, ಕಳೆದುಹೋದ ನೆಲೆಯನ್ನು ತರಲು ಯಾರಿಂದಲೂ ಆಗದು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು ನಮ್ಮ ಸೀಮೆಯವರೆಲ್ಲರಿಗೂ ಗೊತ್ತು. ನೆಲದ ಹೆಸರು ಸರಕಿನ ಬೆಲೆಯ ಒಂದು ಅಂಶವೆಂಬುದನ್ನು ನಮ್ಮ ರೈತರೂ ವರ್ತಕರೂ ಚೆನ್ನಾಗಿ ಬಲ್ಲರು. ಸಂಗ್ರಹಕಾರನೂ ಅದನ್ನು ಅಷ್ಟೇ ಚೆನ್ನಾಗಿ ಬಲ್ಲವನಾಗಬೇಕು.

ಹವ್ಯಾಸಿಯ ಹೊಣೆ

ಹವ್ಯಾಸಿಗಳನ್ನು ವಿದ್ವಾಂಸರು ಹಗುರವಾಗಿ ಕಾಣುವುದುಂಟು. ಚರಿತ್ರೆಯು ಇದನ್ನು ಸಮರ್ಥಿಸುವುದಿಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದ ಬಡ ಬಡಗಿಯೊಬ್ಬನ ಮಗಳಾದ ಮೇರಿ ಆ್ಯನಿಂಗ್ (1799–1847) ಕಡಲ ಸರೀಸೃಪಗಳ ಅಸ್ಥಿಪಂಜರಗಳನ್ನು ಬಂಡೆಯಿಂದ ಬಿಡಿಸಿ ಮಾರಿ ಜೀವಿಸಿದಳು. 1823ರಲ್ಲಿ ಅವಳು ಕಂಡುಹಿಡಿದ ಪ್ಲೀಸಿಯೋಸಾರಿನ ಪೂರ್ಣ ಅಸ್ಥಿಪಂಜರವು ಶಾಸ್ತ್ರಕ್ಕೆ ಹೊಸ ಅಧ್ಯಾಯವನ್ನೇ ಸೇರಿಸಿತು. ಫೂಟನು ವೃತ್ತಿಯಿಂದ ಭೂವಿಜ್ಞಾನಿಯಾದರೂ ಪ್ರಾಗಿತಿಹಾಸದಲ್ಲಿ ಹವ್ಯಾಸಿಯೇ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದವನು ಅವನು. ಗೋಕಾಕದ ಸಮೀಪದ ಮೆಕ್ಕಲುಮಣ್ಣಿನಲ್ಲಿ ದೊರೆತ ಖಡ್ಗಮೃಗದ ಎಲುಬುಗಳನ್ನು 1874ರಲ್ಲಿ ವರ್ಣಿಸಿ, ದಖ್ಖಣದ ಹೆಸರಿನಿಂದ ಅದಕ್ಕೊಂದು ಜಾತಿನಾಮವನ್ನು ಕೊಟ್ಟವನೂ ಅವನೇ. ಇಂದು ಅಸ್ಸಾಮ, ನೇಪಾಳಗಳ ಕಡೆಯ ಹುಲ್ಲುಗಾವಲಿಗೆ ಸೀಮಿತವಾದ ಪ್ರಾಣಿಯ ಬಂಧುವೊಂದು ಘಟಪ್ರಭೆಯ ಸೀಮೆಯಲ್ಲಿ ಮೇಯುತ್ತಿತ್ತೆಂಬುದು ಆ ಎಲುಬುಗಳಿಂದ ನಮಗೆ ತಿಳಿಯಿತು. ಫೂಟನ ಪ್ರಾಗಿತಿಹಾಸ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅವನು 1912ರಲ್ಲಿ ತೀರಿಕೊಂಡ ಮೇಲೆ ಅದರ ಪಟ್ಟಿಯು ಅಚ್ಚಾಯಿತು. ಪ್ರತಿ ವಸ್ತುವಿಗೂ ಊರಿನ ಹೆಸರನ್ನು ಅವನು ಬರೆದಿದ್ದುದರಿಂದ ಇಂದಿಗೂ ಸಂಶೋಧಕರು ಆ ಪಟ್ಟಿಯನ್ನು ಹಿಡಿದು ಹಳ್ಳಿಹಳ್ಳಿಗೆ ಹೋಗಬಹುದಾಗಿದೆ.

ಇದಕ್ಕೆ ಪ್ರತಿಯಾಗಿ, ನೆಲೆಯಿಲ್ಲದ ವಸ್ತುವನ್ನು ನಂಬಿ ಕೆಟ್ಟ ದೃಷ್ಟಾಂತವೂ ಉಂಟು. ಅಮೆರಿಕದ ಟೂಸಾನ್ ನಗರದಲ್ಲಿ 1955ರಿಂದ ನಡೆದುಬಂದಿರುವ ರತ್ನ ಮತ್ತು ಖನಿಜಗಳ ಪ್ರದರ್ಶನವು ಲೋಕಪ್ರಸಿದ್ಧವಾದುದು. ಆ ಸಂದರ್ಭದ ಮಾರಾಟದಲ್ಲಿ 1999ರಲ್ಲಿ ಚೀನದ ಪಳೆಯುಳಿಕೆಯೊಂದನ್ನು 80,000 ಡಾಲರುಗಳಿಗೆ ಕೊಳ್ಳಲಾಯಿತು. ಹಕ್ಕಿಗೂ ಡೈನೋಸಾರಿಗೂ ನಡುವಣ ಕೊಂಡಿಯೆಂದು ಆರ್ಕಿಯೋರ್ಯಾಪ್ಟರ್ ಎಂಬ ಹೆಸರಿನಿಂದ ಅದನ್ನು ಸಾರಿದ್ದೂ ಆಯಿತು. ಕೊನೆಗೆ ಅದು ಹಕ್ಕಿಯೊಂದರ ಮೈಗೆ ಚಿಕ್ಕ ಡೈನೋಸಾರಿನ ಬಾಲವನ್ನು ಅಂಟಿಸಿದ ಕೃತಕವೆಂದು ಹೊರಬಿದ್ದಿತು. ಅದು ಬಂಡೆಯಿಂದ ಬಂದುದನ್ನು ಕಂಡವರ ಸಾಕ್ಷ್ಯವು ಜೊತೆಯಲ್ಲಿದ್ದಿದ್ದರೆ ಈ ಮೋಸ ನಡೆಯುವುದು ಕಷ್ಟವಾಗುತ್ತಿತ್ತು.

ಹವ್ಯಾಸಿಗಳು ಪಾಲಿಸಬೇಕಾದ ನಿಯಮಗಳು ಸರಳವಾಗಿವೆ. ನದಿಯ ದಡದಲ್ಲಿಯಾಗಲಿ ಹಳೆಯ ಹಾಳೂರಿನ ಮಣ್ಣದಿಬ್ಬದಲ್ಲಿಯಾಗಲಿ ಅಗೆಯತಕ್ಕದ್ದಲ್ಲ. ಅದು ಶಿಕ್ಷಣ ಪಡೆದವರ ಕೆಲಸ, ರಕ್ಷಿತ ನೆಲೆಗಳಲ್ಲಿ ಕಾನೂನಿಗೂ ವಿರೋಧ. ಪದರದಲ್ಲಿ ನಾಟಿಕೊಂಡಿರುವುದನ್ನು ಕಿತ್ತುಕೊಳ್ಳದೆ, ಅಳತೆಗೋಲಿನೊಡನೆ ಅದರ ಚಿತ್ರವನ್ನು ತೆಗೆದು, ಭೂವಿಜ್ಞಾನ ಅಥವಾ ಪುರಾತತ್ವ ವಿಭಾಗಕ್ಕೆ ತಿಳಿಸಬೇಕು. ಬಾವಿಯಿಂದಲೋ ರಸ್ತೆಯ ಕೆಲಸದಿಂದಲೋ ತಾನಾಗಿ ಹೊರಬಿದ್ದುದನ್ನು ಎತ್ತಿಕೊಂಡರೆ, ಆ ಜಾಗದಲ್ಲಿಯೇ ನಿಂತು ಚೀಟಿ ಬರೆಯಬೇಕು : ಕ್ರಮಾಂಕ, ಊರು, ಸರ್ವೆ ನಂಬರು, ಅಕ್ಷಾಂಶ ರೇಖಾಂಶ, ಆಳ, ಮಣ್ಣಿನ ಅಥವಾ ಬಂಡೆಯ ಸ್ವರೂಪ, ಜೊತೆಯಲ್ಲಿದ್ದ ವಸ್ತುಗಳು, ದಿನಾಂಕ, ಎತ್ತಿದವರ ಹೆಸರು. ಇಂದು ಜೇಬಿನಲ್ಲಿರುವ ಫೋನೇ ಅಕ್ಷಾಂಶ ರೇಖಾಂಶಗಳನ್ನು ಕೊಡುತ್ತದೆ. ಫೂಟನಿಗೆ ಆ ಅನುಕೂಲವಿರಲಿಲ್ಲ. ವಸ್ತುವಿನ ಮೇಲೂ ಚೀಟಿಯ ಮೇಲೂ ಒಂದೇ ಕ್ರಮಾಂಕವಿರಬೇಕು. ‘ಇದು ಏನು’ ಎಂಬ ಅಂಕಣವನ್ನು ಖಾಲಿ ಬಿಟ್ಟರೂ ದೋಷವಿಲ್ಲ.

ನಮ್ಮ ಒಂದೊಂದು ಕಾಲೇಜಿನಲ್ಲಿಯೂ ಇಂಥ ಒಂದು ದಾಖಲೆ ಪುಸ್ತಕವನ್ನು ಇಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಭೂವೈಜ್ಞಾನಿಕ ಪರಂಪರೆಯ ನೆಲೆಗಳನ್ನೂ ಅವಶೇಷಗಳನ್ನೂ ರಕ್ಷಿಸುವ ಮಸೂದೆಯ ಕರಡನ್ನು ಕೇಂದ್ರ ಸರಕಾರವು 2022ರಲ್ಲಿ ಪ್ರಕಟಿಸಿತು. ಕಾನೂನು ನೆಲೆಗಳನ್ನು ಕಾಯಬಲ್ಲುದು. ಆದರೆ ದಿನದಿನವೂ ಬಾವಿಯಿಂದ, ಮರಳುಗುಂಡಿಯಿಂದ, ಕುಸಿದ ದಡದಿಂದ ಹೊರಬೀಳುವ ಚಿಕ್ಕ ವಸ್ತುಗಳಿಗೆ ಎತ್ತಿಕೊಂಡವನ ಕೈಯೇ ಕಾವಲು.

ಪ್ರದರ್ಶನ ಮುಗಿಯುವ ವೇಳೆಗೆ ಆ ವಿದ್ಯಾರ್ಥಿನಿ ತನ್ನ ಚೀಟಿಯಲ್ಲಿ ಒಂದೇ ಒಂದು ಸಾಲನ್ನು ಹೊಡೆದುಹಾಕಿ, ‘ಮ್ಯಾಂಗನೀಸು ಕವಲು, ಪಳೆಯುಳಿಕೆಯಲ್ಲ’ ಎಂದು ಬರೆದಳು. ಉಳಿದುದನ್ನೆಲ್ಲ ಹಾಗೆಯೇ ಉಳಿಸಿಕೊಂಡಳು. ಆ ಸಂಜೆ ನಾನೂ ನನ್ನ ಹಲ್ಲಿಗೆ ಹೊಸದೊಂದು ಚೀಟಿಯನ್ನು ಬರೆದೆನು : ‘ಕುದುರೆಯ ಜಾತಿಯ ದವಡೆಹಲ್ಲು. ತುಂಗಭದ್ರೆಯ ದಂಡೆ, ಊರು ತಿಳಿಯದು. ಆಳ ತಿಳಿಯದು. ಪದರ ತಿಳಿಯದು.’ ಎತ್ತಿದವರ ಹೆಸರಿನ ಮುಂದೆ ನನ್ನ ಹೆಸರನ್ನು ಬರೆದು, ಪೆಟ್ಟಿಗೆಯನ್ನು ತರಗತಿಯ ಕಪಾಟಿನಲ್ಲಿ ವಿದ್ಯಾರ್ಥಿಗಳಿಗೆ ಕಾಣುವಂತೆ ಇರಿಸಿದ್ದೇನೆ.